ಮುಟ್ಟುವ ತನಕ

ಮೌನೇಶ ಆಶ್ರಮದ ಅಂಗಳದಲ್ಲಿ ಸೈಕಲ್ ನಿಲ್ಲಿಸಿದಾಗ ಅಜ್ಜಾರು ಹೊಳೆಯ ದಂಡೆಯಲ್ಲಿ ಕೂತು ಪಾದ ತೊಳೆಯುತ್ತಿದ್ದರು. ಆ ಸೀಮೆಯಲ್ಲಿ ಗುರುವನ್ನು ಅಜ್ಜಾರು ಎಂದೇ ಕರೆಯುವುದು.

ಪುಷ್ಯ ಮಾಸ. ಹೊಳೆಯ ಮೇಲಿಂದ ಕೊರೆಯುವ ಗಾಳಿ ಬೀಸುತ್ತಿತ್ತು. ಹೊತ್ತು ಇಳಿಯತೊಡಗಿತ್ತು.

ಸೈಕಲ್ಲಿನ ಹಿಂದೆ ಕೌದಿಗಳ ದೊಡ್ಡ ಹೊರೆ. ಹಗ್ಗ ಬಿಗಿದ ರೀತಿ ನೋಡಿದರೆ, ಕಟ್ಟಿದವನು ಗಾಳಿಯನ್ನೂ ನಂಬುವವನಲ್ಲ ಅನ್ನಿಸುತ್ತಿತ್ತು.

“ಬಂದೆ ಅಜ್ಜಾರ,” ಎಂದ ಮೌನೇಶ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು. “ಒಂದೂ ಬಿಚ್ಚಿಲ್ರಿ. ಹೆಂಗ ಕೊಟ್ಟಾರೋ ಹಂಗ ತಂದೀನಿ.”

ಅಜ್ಜಾರು ಹೊರೆಯನ್ನು ನೋಡಲಿಲ್ಲ. ಅವನನ್ನು ನೋಡಿದರು. ಮೈಮೇಲೆ ತೆಳ್ಳಗಿನ ಅಂಗಿಯೊಂದೇ ಇತ್ತು.

“ಸ್ವೆಟರ್ ಎಲ್ಲಿ?”

“ಗದಿಗೆಪ್ಪಗ ಕೊಟ್ಟೀನ್ರಿ.”

“ಗದಿಗೆಪ್ಪ ಎಲ್ಲಿ?”

ಮೌನೇಶ ಹೊಗಳಿಸಿಕೊಳ್ಳಲು ತಯಾರಾಗಿ ಬಂದಿದ್ದ. ಈ ಪ್ರಶ್ನೆಗೆ ತಯಾರಾಗಿರಲಿಲ್ಲ.

ಆ ಆಶ್ರಮದಲ್ಲೊಂದು ಪದ್ಧತಿ. ಚಳಿ ಏರಿತೆಂದರೆ ಇಬ್ಬರು ಸೈಕಲ್ ಹತ್ತಿ ಗುಡ್ಡದಾಚೆಯ ಊರೂರು ತಿರುಗಿ ಕೌದಿ ಬೇಡಿ ತರಬೇಕು. ಹಳೆಯ ಸೀರೆ, ಧೋತರಗಳನ್ನು ಪದರದ ಮೇಲೆ ಪದರವಿಟ್ಟು ಹೆಂಗಸರು ಕೈಯಲ್ಲಿ ಹೊಲಿಯುವ ದಪ್ಪ ಹೊದಿಕೆ ಅದು. ತಂದದ್ದೆಲ್ಲ ದವಾಖಾನೆಯ ಹೊರಜಗುಲಿಯಲ್ಲಿ ಮಲಗುವ ರೋಗಿಗಳ ಮನೆಮಂದಿಗೆ. ಇದಕ್ಕೆ ಕೌದಿ ಜೋಳಿಗೆ ಎಂದು ಹೆಸರು.

ಈ ಸಲ ಶಿಷ್ಯ ಮೌನೇಶ ಹೊರಟಿದ್ದ. ಜೊತೆಗೆ ಅವನ ಗೆಳೆಯ ಗದಿಗೆಪ್ಪ. ಗದಿಗೆಪ್ಪ ಶಿಷ್ಯನೇನಲ್ಲ, ಭಜನೆಗೆ ಬಂದು ತಾಳ ತಪ್ಪಿಸಿ ಹೋಗುವವನು. ಗೆಳೆಯ ಒಬ್ಬನೇ ಹೋಗುತ್ತಾನಲ್ಲ ಎಂದು ತಾನೂ ಸೈಕಲ್ ಹತ್ತಿದ, ಅಷ್ಟೇ.

ಹೊರಡುವವರಿಗೆ ಅಜ್ಜಾರು ಹೇಳುತ್ತಿದ್ದದ್ದು ಒಂದೇ ಮಾತು: “ಜೋಳಿಗಿಗೆ ಬಿದ್ದದ್ದು ಮುಟ್ಟೂತನಕ ಮುಟ್ಟಬ್ಯಾಡ್ರಿ.”

ಸೇರಬೇಕಾದವರಿಗೆ ಮುಟ್ಟುವ ತನಕ ನಡುದಾರಿಯಲ್ಲಿ ನೀವು ಕೈ ಹಾಕಿ ಮುಟ್ಟಬೇಡಿ ಎಂದರ್ಥ. ಮೌನೇಶ ಆ ಮಾತನ್ನು ತಾಯತದ ಹಾಗೆ ಕಟ್ಟಿಕೊಂಡಿದ್ದ.

“ಗದಿಗೆಪ್ಪ ಎಲ್ಲಿ ಅಂದೆ,” ಎಂದರು ಅಜ್ಜಾರು.

“ಗುಡ್ಡ ಇಳಿಯೂ ಮುಂದ ಅವಗ ಜ್ವರಾ ಬಂತ್ರಿ. ಸೈಕಲ್ ತುಳಿಯಾಕ ಆಗಲಿಲ್ಲ. ಬಸ್‌ಸ್ಟಾಪಿನ ಕಟ್ಟಿ ಮ್ಯಾಲ ಕುಂದ್ರಿಸಿ ಬಂದೀನಿ. ಮಧ್ಯಾಹ್ನದ ಬಸ್ ಹತ್ತಿ ಬಾ ಅಂದೀನ್ರಿ.”

“ದಾರ್ಯಾಗ ನಿನ್ನ ದಾಟಿ ಯಾವುದಾರ ಬಸ್ ಹೋತೇನು?”

ಮೌನೇಶ ಯೋಚಿಸಿದ. ಎತ್ತಿನ ಗಾಡಿ ಹೋಗಿತ್ತು. ಕಬ್ಬಿನ ಟ್ರ್ಯಾಕ್ಟರ್ ಹೋಗಿತ್ತು.

“ಇಲ್ರಿ,” ಎಂದ.

ಬಸ್ಸು ಬಂದಿದ್ದರೆ ಗದಿಗೆಪ್ಪ ಈಗ ಇದೇ ಅಂಗಳದಲ್ಲಿ ಕೂತು ಚಹಾ ಕೇಳುತ್ತಿರಬೇಕಿತ್ತು. ಅದು ಮೌನೇಶನಿಗೆ ಈಗ ಹೊಳೆಯಿತು. ಕೈಗೊಂದು ಫೋನು ಇನ್ನೂ ಬಂದಿರದ ಕಾಲ. ಕೇಳಿ ತಿಳಿಯುವ ದಾರಿಯೂ ಇರಲಿಲ್ಲ.

“ಅವನ ಪಾಲಿನ ಹೊರಿ?”

“ನಾನ ಹೇರಕೊಂಡ ಬಂದೀನ್ರಿ. ಜ್ವರಾ ಬಂದಾಂವಗ ಭಾರ ಯಾಕಂತ.”

“ಅವಗ ಏನ ಹೊಚ್ಚಿ ಬಂದಿ?”

“ನನ್ನ ಸ್ವೆಟರ್ ಹಾಕಿ ಬಂದೀನ್ರಿ.”

“ಕೌದಿ?”

ಮೌನೇಶ ನೆಲ ನೋಡಿದ. “ಅವು ಜೋಳಿಗೀವ್ರಿ. ಮುಟ್ಟೂತನಕ ಮುಟ್ಟಬ್ಯಾಡ ಅಂತ ನೀವ ಹೇಳೀರಿ.”

“ಅಂವಾ ಕೇಳಲಿಲ್ಲೇನು?”

“ಕೇಳಿದಾ. ಒಂದ ಕೌದಿ ಕೊಡೋ ಅಂದಾ.”

“ನೀ ಏನಂದಿ?”

“ಏನೂ ಅನ್ನಲಿಲ್ರಿ. ಸ್ವೆಟರ್ ಕಳದು ಕೊಟ್ಟೆ.”

ಅಜ್ಜಾರು ಎದ್ದರು. ಒದ್ದೆ ಪಾದ ಒರೆಸಿಕೊಳ್ಳದೆ ಚಪ್ಪಲಿ ಮೆಟ್ಟಿದರು. ಗೋಡೆಗೆ ಒರಗಿಸಿದ್ದ ತಮ್ಮ ಹಳೆಯ ಸೈಕಲ್ ಎಳೆದರು. ಅದರಲ್ಲಿ ಗಂಟೆ ಒಂದು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತದೆ ಎಂದು ಶಿಷ್ಯರು ಹಿಂದಿನಿಂದ ನಗುತ್ತಿದ್ದರು. ಈಗ ನಗುವವರು ಯಾರೂ ಇರಲಿಲ್ಲ.

“ನಡಿ.”

“ಹೊರಿ ಇಳಸ್ಲೇನ್ರಿ?”

“ಯಾರಿಗಂತ ತಂದಿ ಅದನ್ನ?”

“ಥಂಡ್ಯಾಗ ಬಿದ್ದ ಮಂದಿಗೆ.”

“ಹಂಗಾರ ಇರಲಿ.”

ಇಬ್ಬರೂ ಹೊರಟರು. ಎದುರು ಗಾಳಿ. ಮೌನೇಶನ ತೊಡೆಗಳಲ್ಲಿ ಬೆಳಗಿನಿಂದ ತುಳಿದ ನೋವಿತ್ತು, ಬೆನ್ನ ಹಿಂದೆ ಹೊರೆ ಜಗ್ಗುತ್ತಿತ್ತು. ಆದರೂ ಅವನು ನಿಲ್ಲಲಿಲ್ಲ. ಒಂದ ಕೌದಿ ಕೊಡೋ ಎಂದ ದನಿ ಕಿವಿಯಲ್ಲೇ ಇತ್ತು.

ಸ್ವಲ್ಪ ದೂರ ಹೋದ ಮೇಲೆ ಅಜ್ಜಾರು ಕೇಳಿದರು.

“ಹೊಸದಾಗಿ ಬಂದಾಗ ನೀ ಬೆಲ್ಲ ತಿಂದಿದ್ದಿ. ನೆನಪೈತೇನು?”

ಆ ಚಳಿಯಲ್ಲೂ ಮೌನೇಶನ ಕಿವಿ ಬಿಸಿಯಾದವು. ಜೋಳಿಗೆಗೆ ಬಿದ್ದ ಬೆಲ್ಲದ ಅಚ್ಚು ಆಶ್ರಮ ಸೇರುವಷ್ಟರಲ್ಲಿ ಅರ್ಧವಾಗಿತ್ತು. ಇಲಿ ತಿಂದಿರಬೇಕು ಎಂದಿದ್ದ. ಹಾಗೆನ್ನುವಾಗ ಅವನ ತುಟಿಯ ಮೇಲೆ ಇರುವೆ ಹರಿಯುತ್ತಿತ್ತು.

“ನೆನಪೈತ್ರಿ.”

“ಅವತ್ತ ಹೇಳಿದ ಮಾತದು, ಮುಟ್ಟೂತನಕ ಮುಟ್ಟಬ್ಯಾಡ ಅಂತ. ಬೆಲ್ಲಕ್ಕ ಹೇಳಿದ್ದು.”

“ಕೌದಿಗೆ ಅಲ್ಲೇನ್ರಿ?”

“ಕೌದಿ ಯಾರರ ತಿಂತಾರೇನೋ?”

ಮೌನೇಶ ತಡೆಯಲಾಗದೆ ಕೇಳಿಯೇ ಬಿಟ್ಟ. “ಆದರ ಕೌದಿಗೆ ಹೊಂಟಾಗೂ ಅದನ್ನ ಹೇಳ್ತೀರಲ್ರಿ ಅಜ್ಜಾರ?”

ಅಜ್ಜಾರು ಗಾಳಿಗೆ ತಲೆ ತಗ್ಗಿಸಿ ಒಂದಷ್ಟು ದೂರ ತುಳಿದರು.

“ಹೇಳ್ತೀನಿ,” ಎಂದರು ಕೊನೆಗೆ. “ಬಾಯಿಗೆ ರೂಢಿ ಬಿದ್ದೈತಿ. ಅದು ನನ್ನ ತಪ್ಪು. ನಿನ್ನ ತಪ್ಪು ನೀ ತುಳಿ, ನಂದು ನಾ ತುಳೀತೀನಿ.”

ಗುಡ್ಡದ ಏರು ಶುರುವಾಗುವಲ್ಲಿ ಅಜ್ಜಾರ ಸೈಕಲ್ಲಿನ ಚೈನು ಕಳಚಿ ಬಿತ್ತು. ಮೌನೇಶ ಬ್ರೇಕ್ ಹಿಡಿದ.

“ನೀ ಹೋಗು,” ಎಂದರು ಅಜ್ಜಾರು, ಕೆಳಗೆ ಕೂತು ಚೈನು ಎತ್ತಿಕೊಳ್ಳುತ್ತ.

“ನಿಮ್ಮನ್ನ ಇಲ್ಲಿ ಒಬ್ಬರನ್ನ ಬಿಟ್ಟು ಹೆಂಗ ಹೋಗ್ಲಿ?”

“ಬಿಟ್ಟು ಹೋಗೂದು ನಿನಗ ಹೊಸಾದೇನು?”

ಮೌನೇಶನಿಗೆ ಹೊಡೆದಂತಾಯಿತು. ಅಜ್ಜಾರು ತಲೆಯೆತ್ತಿ ನೋಡಿದರು. ಅವರ ದನಿ ಮೆತ್ತಗಾಯಿತು.

“ನನಗ ಜ್ವರಾ ಇಲ್ಲಪಾ. ಹೋಗು. ಓಡು.”

ಅವನು ತುಳಿದ. ಏರು ಹೆಚ್ಚಾದಲ್ಲಿ ಇಳಿದು ತಳ್ಳಿದ. ಬಸ್‌ಸ್ಟಾಪ್ ಕಣ್ಣಿಗೆ ಬೀಳುವಾಗ ಬೆಳಕು ಮಸುಕಾಗಿತ್ತು.

ಗದಿಗೆಪ್ಪನ ಸೈಕಲ್ ಗೋಡೆಗೆ ಒರಗಿತ್ತು.

ಕಟ್ಟೆ ಖಾಲಿ ಇತ್ತು.

“ಗದಿಗೆಪ್ಪಾ!”

ಗಾಳಿ ಆ ಕೂಗನ್ನು ಎಲ್ಲಿಗೋ ಒಯ್ದಿತು. ಕಟ್ಟೆಯ ಕೆಳಗೆ ಒಂದು ಚಪ್ಪಲಿ ಬಿದ್ದಿತ್ತು. ಒಂದೇ.

ಬಸ್ಸು ಹತ್ತಿ ಹೋಗುವವನು ಒಂದು ಚಪ್ಪಲಿ ಬಿಟ್ಟು ಹೋಗುವುದಿಲ್ಲ. ಸೈಕಲ್ಲನ್ನೂ ಬಿಟ್ಟು ಹೋಗುವುದಿಲ್ಲ. ಬಸ್ಸಿನ ಮೇಲೆ ಹಾಕಿಸಿಕೊಳ್ಳುತ್ತಾನೆ.

ರಸ್ತೆಯ ಆಚೆ ಹಳೆಯ ಕಲ್ಲಿನ ಕ್ವಾರಿ. ಅದರ ತಳದಲ್ಲಿ ಮಳೆಗಾಲದ ನೀರು ಇನ್ನೂ ನಿಂತಿತ್ತು. ಜ್ವರ ಬಂದವನಿಗೆ ಬಾಯಾರುತ್ತದೆ. ಹಾಗನ್ನಿಸಿದ್ದೇ ಮೌನೇಶ ಸೈಕಲ್ ನಿಲ್ಲಿಸಿ ಅತ್ತ ಓಡಿದ. ಅಂಚಿಗೆ ಹೋಗಿ ಬಗ್ಗಿ ನೋಡಿದ. ಕಪ್ಪು ನೀರು. ಇನ್ನೊಮ್ಮೆ ಕೂಗಬೇಕೆಂದು ಬಾಯಿ ತೆರೆದ, ಕೂಗಲಾಗಲಿಲ್ಲ. ಉತ್ತರ ಬಾರದಿದ್ದರೆ ಏನು ಮಾಡುವುದು ಎಂಬ ಭಯ. ಜೀವಮಾನದಲ್ಲಿ ಅವನು ಅಷ್ಟು ಹೆದರಿದ್ದಿಲ್ಲ.

“ಕೆಳಗ ನೋಡಬ್ಯಾಡ.”

ಅಜ್ಜಾರು ಸೈಕಲ್ ತಳ್ಳಿಕೊಂಡು ಬಂದು ನಿಂತಿದ್ದರು. ಕೈಯೆಲ್ಲ ಚೈನಿನ ಮಸಿ, ಎದೆಯಲ್ಲಿ ಏದುಸಿರು.

“ಮ್ಯಾಲ ನೋಡು.”

ಗುಡ್ಡದ ಓರೆಯಲ್ಲಿ ಒಂದು ಕುರಿಹಟ್ಟಿ. ಅಲ್ಲಿಂದ ಹೊಗೆ ಏಳುತ್ತಿತ್ತು.

ಆ ಹಟ್ಟಿ ಮೌನೇಶನಿಗೆ ಗೊತ್ತು. ಬೆಳಿಗ್ಗೆ ಕೊನೆಯ ಕೌದಿ ಸಿಕ್ಕಿದ್ದು ಅಲ್ಲಿಯೇ, ಕುರಿ ಕಾಯುವ ದುರ್ಗವ್ವನಿಂದ. ಕೊಡುವ ಮೊದಲು ಆಕೆ ಕೌದಿಯ ಮೂಲೆ ಬಿಚ್ಚಿ, ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಮತ್ತೆ ಹೊಲಿದಿದ್ದಳು. ಕೌದಿ ಹಸಕೊಂಡ ಹೋಗಬಾರದು ಎಂದಿದ್ದಳು. ಗದಿಗೆಪ್ಪ ನಕ್ಕು, ನಮ್ಮ ಹೊಟ್ಟಿ ಬಗ್ಗೆನೂ ಒಂಚೂರು ವಿಚಾರ ಮಾಡಬೇ ಎಂದು ತಾನೂ ಒಂದು ರೊಟ್ಟಿ ಇಸಿದುಕೊಂಡಿದ್ದ.

ಮೌನೇಶ ಹೊರೆ ಹೊತ್ತ ಸೈಕಲ್ಲನ್ನು ಕಲ್ಲುಗಳ ಮೇಲೆ ಎತ್ತಿ ಎಳೆಯುತ್ತ ಏರಿದ.

ದುರ್ಗವ್ವ ಬಾಗಿಲಲ್ಲೇ ಸಿಕ್ಕಳು.

“ಬರ್ರಿ ಅಜ್ಜಾರ. ಕುರಿ ಹೊಡಕೊಂಡ ಬರಾಕತ್ತಿದ್ದೆ, ಕಟ್ಟಿ ಕೆಳಗ ಬಿದ್ದಿದ್ದ. ಕರದರ ಓ ಅನ್ನಲಿಲ್ಲ. ಹೆಂಗೋ ಎಳಕೊಂಡ ಬಂದೀನಿ.”

ಒಳಗೆ ಒಲೆಯ ಪಕ್ಕ ಹುಲ್ಲಿನ ಮೇಲೆ ಗದಿಗೆಪ್ಪ ಮಲಗಿದ್ದ. ಮೇಲೆ ಒಂದು ಗೋಣಿಚೀಲ. ಎರಡೂ ಮಗ್ಗುಲಿಗೆ ಕುರಿಗಳು ಒತ್ತಿಕೊಂಡು ಮಲಗಿದ್ದವು.

“ಹೊಚ್ಚಾಕ ಏನೂ ಇಲ್ರಿ,” ಎಂದಳು ದುರ್ಗವ್ವ. “ಇದ್ದೊಂದ ಕೌದಿ ಮುಂಜಾನೆ ಈ ತಮ್ಮಗ ಕೊಟ್ಟೆ. ಅದಕ್ಕ ಕುರಿ ನಡುವ ಹಾಕೀನಿ.”

ಆಕೆಯ ದನಿಯಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಹಾಗಾಗಿಯೇ ಮೌನೇಶನಿಗೆ ಅದು ಹೆಚ್ಚು ಚುಚ್ಚಿತು.

ಗದಿಗೆಪ್ಪ ನಡುಗುತ್ತಲೂ ಇರಲಿಲ್ಲ. ತುಟಿ ಕಪ್ಪಾಗಿದ್ದವು. ಅಜ್ಜಾರು ಅವನ ಮೂಗಿನ ಬಳಿ ಬೆರಳು ಹಿಡಿದರು. ಹಿಡಿದೇ ಇದ್ದರು.

“ಉಸರ ಐತಿ,” ಎಂದರು ಅಜ್ಜಾರು. “ಮೌನೇಶ, ಬಿಚ್ಚು.”

ಮೌನೇಶ ಹೊರೆಯ ಮೇಲೆ ಬಿದ್ದ. ಬೆರಳು ಸೆಟೆದಿದ್ದವು. ಗಂಟು ತಾನೇ ಹಾಕಿದ್ದು, ಬಿಚ್ಚಲು ತನಗೇ ಆಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ.

“ಹಗ್ಗ ಉಳಸಬ್ಯಾಡೋ!” ಅಜ್ಜಾರು ಗದರಿದರು. ಅವರು ಗದರಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

ದುರ್ಗವ್ವ ಕುಡುಗೋಲು ಎಸೆದಳು. ಮೌನೇಶ ಹಗ್ಗ ಕತ್ತರಿಸಿದ. ಕೌದಿಗಳು ಹಟ್ಟಿಯ ನೆಲದ ಮೇಲೆ ಬಿದ್ದು ಹರಡಿದವು. ಒಂದನ್ನು ಕೆಳಗೆ ಹಾಸಿದ. ಒಂದನ್ನು ಹೊದಿಸಿದ. ಅದರ ಮೇಲೆ ಇನ್ನೊಂದು, ಮತ್ತೊಂದು. ಒಂದರ ಮೂಲೆಯಲ್ಲಿ ಬೆರಳಿಗೆ ರೊಟ್ಟಿಯ ಗಟ್ಟಿ ಚೂರು ತಾಕಿತು. ಅದನ್ನು ತಂದು ದುರ್ಗವ್ವನ ಹೆಗಲಿಗೆ ಹಾಕಿದ.

“ಕೊಟ್ಟದ್ದನ್ನ ತಿರುಗಿ ತಗೋಬಾರದಪಾ,” ಎಂದಳು ಆಕೆ.

“ತಗೋಬ್ಯಾಡವ್ವಾ,” ಎಂದರು ಅಜ್ಜಾರು. “ಹೊಚಗೋ.”

ಮೌನೇಶ ಗೆಳೆಯನ ಕಾಲ ಬಳಿ ಕೂತು ಅಂಗಾಲು ತಿಕ್ಕತೊಡಗಿದ. ಒಂದು ಕಾಲಿನ ಚಪ್ಪಲಿ ಇನ್ನೂ ಹಾಗೇ ಇತ್ತು. ಅದನ್ನು ತೆಗೆಯುವಾಗ ಅವನಿಗೆ ಅಳು ಬಂತು. ತಡೆಯಲಿಲ್ಲ.

“ಏಳಲೇ ಗದಿಗ್ಯಾ. ತಪ್ಪಾತು. ಏಳಲೇ.”

ಒಲೆಯಲ್ಲಿ ಕಟ್ಟಿಗೆ ಉರಿದು ಕೆಂಡವಾಯಿತು. ದುರ್ಗವ್ವ ಮತ್ತೆ ಕಟ್ಟಿಗೆ ಒಟ್ಟಿದಳು.

ಆಗ ಕೌದಿಗಳು ಅಲುಗಿದವು. ಮೊದಲು ಸ್ವಲ್ಪ, ಆಮೇಲೆ ಜೋರಾಗಿ. ಗದಿಗೆಪ್ಪ ಗಡಗಡ ನಡುಗತೊಡಗಿದ.

“ಅಯ್ಯೋ, ಏನಾತ್ರಿ ಅಜ್ಜಾರ?”

“ನಡಗಲಿ ಬಿಡು,” ಎಂದಳು ದುರ್ಗವ್ವ. “ಮರಿಗೋಳೂ ಹಿಂಗ. ನಡಗಾಕತ್ತರ ಉಳೀತಾವು.”

ಆಕೆ ಬಿಸಿ ಹಾಲು ತಂದಳು. ಅಜ್ಜಾರು ಗದಿಗೆಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದರು. ಅವರ ಕೈಯ ಮಸಿ ಅವನ ಗಲ್ಲಕ್ಕೂ ಹತ್ತಿತು.

ಗದಿಗೆಪ್ಪ ಕಣ್ಣು ತೆರೆದ. ಅಜ್ಜಾರನ್ನು ನೋಡಿದ, ಕುರಿಗಳನ್ನು ನೋಡಿದ. ತಾನೆಲ್ಲಿದ್ದೇನೆ ಎಂದು ತಿಳಿಯಲಿಲ್ಲ. ಕಾಲ ಬಳಿ ಮೌನೇಶ ಕಂಡಾಗ ಅವನ ಮುಖ ಅರಳಿತು. ಸಿಟ್ಟಿನ ಸುಳಿವೂ ಇರಲಿಲ್ಲ.

“ಲೇ ಮೌನ್ಯಾ,” ಎಂದ. ದನಿ ಹೊರಡುವುದೇ ಕಷ್ಟವಾಗಿತ್ತು. “ಬಂದ್ಯಾ? ಕೌದಿ ಮುಟ್ಟಿದುವೇನೋ?”

ಮೌನೇಶ ಅಜ್ಜಾರ ಕಡೆ ನೋಡಿದ.

ಅಜ್ಜಾರು ಕೌದಿಯ ಅಂಚನ್ನು ಗದಿಗೆಪ್ಪನ ಕುತ್ತಿಗೆಯ ಸುತ್ತ ಒತ್ತಿ ಸಿಕ್ಕಿಸಿದರು. ಮೌನೇಶನ ಕೈ ಹಿಡಿದು ಅದರ ಮೇಲೆ ಇಟ್ಟರು.

“ಮುಟ್ಟಿದುವು ತಮ್ಮಾ. ಈಗ ಮುಟ್ಟಿದುವು.”