ಬೆಂಡಾದವಳು

ಸೋಮಲಿಂಗನೆಂಬ ಶಿಷ್ಯ ಗುರುವನ್ನು ಕೇಳಿದ:

"'ನಿನ್ನ ತಾಯಿ ದುಡಿದು ದುಡಿದು ಬೆಂಡಾಗಿದ್ದಾಳೆ' ಎಂದು ನಮ್ಮ ಊರಿನಿಂದ ಬಂದವರೊಬ್ಬರು ನನಗೆ ಹೇಳಿದರು. ಬೆಂಡೆಂದರೆ ಮೆತ್ತಗಿನದು, ಮೈಯೆಲ್ಲ ಸಣ್ಣ ಸಣ್ಣ ತೂತು, ಒತ್ತಿದರೆ ಅಮುಕಿಹೋಗುವಂಥದು. ಮನುಷ್ಯರಿಗೆ ಆ ಮಾತು ಹೇಗೆ ಒಪ್ಪುತ್ತದೆ ಗುರುಗಳೇ?"

ಗುರು ಒಂದು ಕತೆ ಹೇಳಿದರು.

ಒಂದು ಕೆರೆಯ ದಂಡೆಯಲ್ಲಿ ಬಾಸಿಂಗ ಮಾಡುವ ಹೆಂಗಸೊಬ್ಬಳಿದ್ದಳು. ಗಂಡ ತೀರಿಕೊಂಡಾಗ ಮಗ ಇನ್ನೂ ತೊಟ್ಟಿಲಲ್ಲಿದ್ದ. ಅವಳು ಸೊಂಟದುದ್ದ ನೀರಿನಲ್ಲಿ ನಿಂತು ಬೆಂಡಿನ ಗಿಡ ಕೊಯ್ಯುತ್ತಿದ್ದಳು. ಒಣಗಿಸಿ, ಸಿಪ್ಪೆ ತೆಗೆದು, ತೆಳ್ಳಗೆ ಸೀಳಿ, ಮದುಮಕ್ಕಳ ಹಣೆಗೆ ಬಾಸಿಂಗ ಮಾಡಿಕೊಡುತ್ತಿದ್ದಳು. ಹಾಗೆಯೇ ಮಗನನ್ನು ಬೆಳೆಸಿದಳು. ಬೆರಳು ಸೊಟ್ಟಗಾದವು, ಬೆನ್ನು ಬಾಗಿತು.

ಒಂದು ದಿನ ಮಗ ಅಂದ: "ಅವ್ವ, ನೀನು ಬೆಂಡಾದೆ. ಇನ್ನು ನಿನ್ನಿಂದ ಏನೂ ಆಗದು. ಸುಮ್ಮನೆ ಮೂಲೆಯಲ್ಲಿ ಕೂತಿರು."

ಅವಳು ಮೂಲೆಯಲ್ಲೇ ಕೂತು ಬೆಂಡು ಸೀಳತೊಡಗಿದಳು.

ಆ ಮಳೆಗಾಲದಲ್ಲಿ ಕೆರೆ ದಾಟುತ್ತಿದ್ದ ತೆಪ್ಪವೊಂದು ಮಗುಚಿತು. ಅದರಲ್ಲಿ ನಾಲ್ವರು ಗಂಡಸರು, ಒಬ್ಬ ಬಾಣಂತಿ, ಅವಳ ತೋಳಲ್ಲಿ ಕೂಸು. ದಡದಲ್ಲಿದ್ದವರು ಹಗ್ಗ ತರಲು ಓಡಿದರು. ಮುದುಕಿ ಓಡಲಾರಳು. ಬರುವ ಮದುವೆಗಳಿಗೆಂದು ಜಗಲಿಯಲ್ಲಿ ಒಟ್ಟಿದ್ದ ಬೆಂಡಿನ ಕಟ್ಟುಗಳನ್ನು ಒಂದೊಂದಾಗಿ ಎಳೆದು ನೀರಿಗೆ ಎಸೆದಳು. ಗಂಡಸರು ಅವನ್ನು ತಬ್ಬಿ ತೇಲಿದರು. ಬಾಣಂತಿಯವರೆಗೆ ಕಟ್ಟು ಮುಟ್ಟಲಿಲ್ಲ. ಮುದುಕಿ ಎರಡು ಕಟ್ಟು ಅವುಚಿಕೊಂಡು ತಾನೇ ನೀರಿಗಿಳಿದಳು. ಒಂದನ್ನು ಬಾಣಂತಿಗೆ ಕೊಟ್ಟಳು. ಇನ್ನೊಂದರ ಮೇಲೆ ಕೂಸನ್ನು ಮಲಗಿಸಿ, ತಳ್ಳಿಕೊಂಡು ದಡಕ್ಕೆ ಬಂದಳು. ಎಲ್ಲರೂ ಉಳಿದರು.

ಅಷ್ಟರಲ್ಲಿ ಮಗ ಓಡಿಬಂದ. "ವರ್ಷದ ಬೆಂಡೆಲ್ಲ ನೆನೆದು ಹಾಳಾಯಿತಲ್ಲ ಅವ್ವ!"

"ಹೋಗಲಿ ಬಿಡಪ್ಪ. ಕೂಸು ನಡುಗುತ್ತಿದೆ, ಒಣಬಟ್ಟೆ ತಾ."

ಮಗ ಬಟ್ಟೆ ತಂದ. ಕೂಸಿಗೆ ಸುತ್ತುತ್ತಿದ್ದ ಅವ್ವನ ಬೆರಳುಗಳನ್ನು ಅವತ್ತು ಅವನು ಮೊದಲ ಸಲ ಕಣ್ಣಿಟ್ಟು ನೋಡಿದ. ಅಲ್ಲೇ ಅವಳ ಪಕ್ಕದಲ್ಲಿ ಕುಸಿದು ಕೂತ.

ಗುರು ಕತೆ ನಿಲ್ಲಿಸಿದರು. ಸೋಮಲಿಂಗ ಕಣ್ಣೊರೆಸಿಕೊಂಡು, "ಆ ಮಾತಿನ ಅರ್ಥ ಈಗ ತಿಳಿಯಿತು ಗುರುಗಳೇ" ಎಂದ.

"ಅರ್ಥ ಕೇಳಲು ನನ್ನ ಬಳಿ ಬಂದೆ, ನಿನ್ನ ತಾಯಿಯ ಬಳಿ ಹೋಗಿ ಎಷ್ಟು ವರ್ಷವಾಯಿತು?" ಎಂದರು ಗುರು.