ಜಗ್ಗಭೂಪ ಕೊಂಡ ಹುಲ್ಲುಗಾವಲು

ಹೊಸಗಡಿ ಸಂಸ್ಥಾನಕ್ಕೆ ಇನ್ನೂ ಹಾಲುಹಲ್ಲು ಉದುರಿರಲಿಲ್ಲ, ಆಗಲೇ ಹಸಿವು ಮಾತ್ರ ರಾಕ್ಷಸನದಾಗಿತ್ತು. ಅದರ ಅರಸ ಜಗ್ಗಭೂಪ. ಅಪ್ಪ ನಾಲ್ಕು ಹಳ್ಳಿಗೆ ಗೌಡನಾಗಿದ್ದವನು. ಮಗ ಒಂದು ಕಿರೀಟ ಮಾಡಿಸಿಕೊಂಡು ಭೂಪನಾದ. ಬೆಳಗೆದ್ದರೆ ದೇವರ ಮುಖ ನೋಡುತ್ತಿರಲಿಲ್ಲ, ನಕಾಶೆ ನೋಡುತ್ತಿದ್ದ.

ಒಂದು ದಿನ ತುಂಬಿದ ಸಭೆಯಲ್ಲಿ ಮೀಸೆ ತಿರುವಿ ಹೇಳಿದ: "ನಿನ್ನೆಯವರೆಗೆ ನಮ್ಮ ರಾಜ್ಯ ಹಳ್ಳದ ಈಚೆಗಷ್ಟೇ ಇತ್ತು. ಇವತ್ತಿನಿಂದ ಆಚೆಯ ಗುಡ್ಡದ ಹುಲ್ಲುಗಾವಲೂ ನಮ್ಮದು. ಬಿದಿರೂರ ಅರಸನಿಂದ ಕೊಂಡೆ. ಒಂದು ಆನೆ ಕೊಟ್ಟೆ, ಅಷ್ಟೇ."

ಸಭೆ ಭಲೆ ಭಲೆ ಎಂದಿತು. ಆಸ್ಥಾನದ ವಿದೂಷಕ ಸಿಂಗಪ್ಪಯ್ಯ ಮಾತ್ರ ತಲೆ ಕೆರೆದುಕೊಂಡ. ಆ ಹುಲ್ಲುಗಾವಲು ಅವನಿಗೆ ಗೊತ್ತು. ಹರೆಯದಲ್ಲಿ ಅದೇ ದಾರಿಯಲ್ಲಿ ಜ್ವರ ಬಂದು ಬಿದ್ದಿದ್ದಾಗ, ಕುರಿಗಾರರ ಬೀರವ್ವ ಕಂಬಳಿ ಹೊದಿಸಿ ಹಾಲು ಕುಡಿಸಿ ಬದುಕಿಸಿದ್ದಳು.

"ಮಹಾಸ್ವಾಮಿ, ಬಿದಿರೂರ ಅರಸರು ಆ ಜಾಗ ನೋಡಿದ್ದಾರೆಯೇ?"

"ನೋಡುವುದೇಕೆ? ಅವರ ನಕಾಶೆಯಲ್ಲಿದೆ."

"ಅಲ್ಲಿ ಕುರಿಗಾರರಿದ್ದಾರಲ್ಲ, ಬುದ್ಧಿ."

ದಳವಾಯಿ ಭೈರಸ ಎದೆಯುಬ್ಬಿಸಿ ಎದ್ದ. "ಯಾರೂ ಇಲ್ಲ. ಸುಗ್ಗಿ ಮುಗಿದ ಮೇಲೆ ನಾನೇ ದಂಡು ಕಟ್ಟಿಕೊಂಡು ಹೋಗಿ ಶೋಧಿಸಿ ಬಂದೆ. ಒಲೆಗಳಿದ್ದವು, ತಣ್ಣಗಿದ್ದವು. ಹಟ್ಟಿಗಳಿದ್ದವು, ಖಾಲಿ. ನರಪಿಳ್ಳೆ ಇರಲಿಲ್ಲ. ಬಾವುಟ ನೆಟ್ಟು ಬಂದೆ."

ಸಿಂಗಪ್ಪಯ್ಯ ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಸುಗ್ಗಿ ಮುಗಿದರೆ ಕುರಿಗಾರರು ಮಂದೆ ಹೊಡೆದುಕೊಂಡು ಬಯಲಿಗೆ ಇಳಿಯುತ್ತಾರೆ. ಕೊಯ್ದ ಹೊಲಗಳಲ್ಲಿ ರಾತ್ರಿ ಮಂದೆ ತರುಬಿ ನಿಲ್ಲಿಸುತ್ತಾರೆ, ಗೊಬ್ಬರ ಬಿದ್ದದ್ದಕ್ಕೆ ಹೊಲದವರು ಕಾಳು ಅಳೆಯುತ್ತಾರೆ. ಮುಂಗಾರು ಬಂದರೆ ಮತ್ತೆ ಗುಡ್ಡ ಹತ್ತುತ್ತಾರೆ. ಇದು ರಾಜ್ಯದಲ್ಲಿ ಎಲ್ಲರಿಗೂ ಗೊತ್ತು, ಶೋಧಿಸಲು ಹೋದ ಮಹಾನುಭಾವನೊಬ್ಬನನ್ನು ಬಿಟ್ಟು.

ಇದನ್ನೇ ಹೇಳಿದ. ಜಗ್ಗಭೂಪ ಕೈಯಾಡಿಸಿದ.

"ಹೋದವರು ಹೋದರು. ಇನ್ನು ಅವರು ಗುಡ್ಡ ಹತ್ತುವಂತಿಲ್ಲ. ಅದನ್ನು ಅವರಿಗೆ ಹೇಳುವ ಕೆಲಸ ನಿನ್ನದು. ನಾವು ಬೇಟೆಯಿಂದ ಬರುವುದರೊಳಗೆ ಮುಗಿಸದಿದ್ದರೆ, ನೀನೂ ಅವರ ಜತೆಗೇ ಗಂಟುಮೂಟೆ ಕಟ್ಟು."

"ಹೇಳುತ್ತೇನೆ. ಯಾವ ನ್ಯಾಯ ಎಂದು ಕೇಳಿದರೆ?"

"ಜನರಿಲ್ಲದ ಜಾಗ, ಕೊಂಡು ಬಾವುಟ ನೆಟ್ಟವರದು."

"ಈ ನ್ಯಾಯ ಎಲ್ಲರಿಗೂ ಒಂದೇಯೋ, ಬುದ್ಧಿ?"

"ನನ್ನ ನೆಲದಲ್ಲಿ ಎಲ್ಲರಿಗೂ ಒಂದೇ. ಬೇಕಾದರೆ ಡಂಗುರ ಸಾರಿಸು."

ಸಿಂಗಪ್ಪಯ್ಯ ಬಿಡುತ್ತಾನೆಯೇ, ಸಂಜೆಯೊಳಗೆ ಊರೆಲ್ಲ ಸಾರಿಸಿದ. ಮರುದಿನ ಅರಮನೆಗೆ ಅರಮನೆಯೇ ಬೇಟೆಗೆ ಹೊರಟಿತು. ಹೊಸ ಸಂಸ್ಥಾನ, ಆಳು ಕಡಿಮೆ. ಅಡುಗೆಯವರಿಂದ ಹಿಡಿದು ಬಾಗಿಲು ಕಾಯುವವರವರೆಗೆ ಎಲ್ಲರೂ ಕಾಡು ಸೋಹಿ ಮೃಗ ಎಬ್ಬಿಸಲು ಹೋಗಲೇಬೇಕಿತ್ತು. ಬೀಗದ ಕೈ ಸಿಂಗಪ್ಪಯ್ಯನ ಸೊಂಟದಲ್ಲಿ ಉಳಿಯಿತು.

ಅವನು ನೇರ ಬೀರವ್ವನ ಮಂದೆಗೆ ಹೋದ. ವಿಷಯ ಕೇಳಿ ಮುದುಕಿ ಕಂಬಳಿಯಲ್ಲಿ ಕಣ್ಣೊರೆಸಿಕೊಂಡಳು.

"ನನ್ನ ಗಂಡನ್ನ ಮಣ್ಣು ಮಾಡಿದ್ದು ಆ ಗುಡ್ಡದಾಗೆ. ಅದನ್ನ ಮಾರಾಕೆ ಆ ಬಿದಿರೂರಿನೋನು ಯಾರಪ್ಪಾ?"

"ಅದನ್ನು ಅವನನ್ನೇ ಕೇಳೋಣ ಬಾ, ಅವ್ವ. ಬರುವಾಗ ಒಂದು ಕೊಬ್ಬಿದ ಟಗರು ಹಿಡಿದುಕೋ."

ಬೇಟೆ ಮುಗಿಸಿ ಜಗ್ಗಭೂಪ ಹೆಬ್ಬಾಗಿಲಿಗೆ ಬಂದಾಗ, ಅರಮನೆಯ ನೆತ್ತಿಯ ಮೇಲೆ ಒಂದು ಕರೀ ಕಂಬಳಿ ಹಾರಾಡುತ್ತಿತ್ತು. ಒಳಗೆ ಹೋದರೆ ಸಭಾಮಂಟಪದ ತುಂಬ ಕುರಿ. ಸಿಂಹಾಸನದ ಮೆತ್ತೆಯ ಮೇಲೆ ಒಂದು ಮರಿ ಸುಖವಾಗಿ ಮಲಗಿತ್ತು. ಪಕ್ಕದಲ್ಲಿ ಬೀರವ್ವ ಉಣ್ಣೆ ನೂಲುತ್ತಿದ್ದಳು.

"ಸಿಂಗಪ್ಪಯ್ಯ, ಏನಿದು ಅನಾಹುತ?"

"ಶೋಧ, ಮಹಾಸ್ವಾಮಿ. ಈಯಮ್ಮ ತನ್ನವರನ್ನು ಕಟ್ಟಿಕೊಂಡು ಬಂದು ಶೋಧಿಸಿದಳು. ಒಲೆಗಳಿದ್ದವು, ತಣ್ಣಗಿದ್ದವು. ಕೋಣೆಗಳಿದ್ದವು, ಖಾಲಿ. ನರಪಿಳ್ಳೆ ಇರಲಿಲ್ಲ. ಬಾವುಟ ನೆಟ್ಟಳು."

"ನಾವು ಬೇಟೆಗೆ ಹೋಗಿದ್ದೆವು ಕಣಯ್ಯಾ. ಬಿಟ್ಟು ಹೋಗಿರಲಿಲ್ಲ."

"ಅವರೂ ಮೇಯಿಸಲು ಹೋಗಿದ್ದರು, ಬುದ್ಧಿ."

ದಳವಾಯಿ ಭೈರಸನ ಮುಖ ಇಂಗು ತಿಂದ ಮಂಗನಂತಾಯಿತು. ಜಗ್ಗಭೂಪನಿಗೆ ಒಂದು ಎಳೆ ಸಿಕ್ಕಿತು.

"ಬಾವುಟ ನೆಟ್ಟರೆ ಸಾಲದು. ಕೊಂಡಿರಬೇಕು."

"ಕೊಂಡೀನಿ ತಂದೆ," ಎಂದಳು ಬೀರವ್ವ, ಕದಿರು ನಿಲ್ಲಿಸದೆ. "ಒಂದು ಟಗರು ಕೊಟ್ಟೆ, ಅಷ್ಟೇ."

"ಯಾರಿಂದ?"

"ಬಿದಿರೂರ ಅರಸನಿಂದ."

"ಆ ಕಳ್ಳ ನನ್ನ ಅರಮನೆ ಹೇಗೆ ಮಾರಿದ? ಅದು ಅವನದ್ದೇ ಅಲ್ಲವಲ್ಲ."

"ಅದು ಅವರಿಗೆ ಅಡ್ಡಿಯಾಗಲಿಲ್ಲ, ಮಹಾಸ್ವಾಮಿ," ಎಂದ ಸಿಂಗಪ್ಪಯ್ಯ. "ತಮಗೆ ಹುಲ್ಲುಗಾವಲು ಮಾರಿದ ಮೇಲೆ ಅವರಿಗೆ ಕೈ ಪಳಗಿದೆ."

ಜಗ್ಗಭೂಪ ಸಿಂಹಾಸನ ನೋಡಿದ, ಮರಿ ನೋಡಿದ. ಮರಿಯೂ ಅವನನ್ನು ನೋಡಿ ಬ್ಯಾ ಎಂದಿತು. ಅರಸನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಮೀಸೆ. ಕೊನೆಗೆ ಬಿದ್ದು ಬಿದ್ದು ನಕ್ಕ. ಅರಸ ನಕ್ಕದ್ದು ಖಾತ್ರಿಯಾದ ಮೇಲೆ ಸಭೆಯೂ ನಕ್ಕಿತು.

"ಆಯಿತು ತಾಯಿ, ನಿನ್ನ ಗುಡ್ಡ ನಿನಗೆ. ಯಾರೂ ಅತ್ತ ತಲೆ ಹಾಕುವುದಿಲ್ಲ. ನನ್ನ ಮನೆ ನನಗೆ ಕೊಡು."

ಬೀರವ್ವ ಎದ್ದಳು, ಕಂಬಳಿ ಇಳಿಸಿದಳು, ಕುರಿ ಎಬ್ಬಿಸಿದಳು. ಬಾಗಿಲಿಗೆ ಹೋದವಳು ತಿರುಗಿ ಸೆರಗೊಡ್ಡಿ ನಿಂತಳು.

"ಇನ್ನೇನಮ್ಮ?" ಎಂದ ಅರಸ.

"ಮಂದೆ ತರುಬಿದ್ದಕ್ಕೆ ಕಾಳು ಕೊಡಬೇಕಲ್ಲಾ, ತಂದೆ."

"ಅರಮನೆಯಲ್ಲಿ ಗೊಬ್ಬರ ಹಾಕಿಸಿಕೊಂಡು ಅದಕ್ಕೆ ನಾನು ಕಾಳು ಬೇರೆ ಅಳೆಯಬೇಕೇ?"

"ಅಳೆಯಿರಿ, ಬುದ್ಧಿ," ಎಂದ ಸಿಂಗಪ್ಪಯ್ಯ. "ಸಿಂಹಾಸನದ ಸುತ್ತಲೇ ಚೆನ್ನಾಗಿ ಬಿದ್ದಿದೆ. ಈ ವರ್ಷವಾದರೂ ಅಲ್ಲಿ ಸ್ವಲ್ಪ ವಿವೇಕ ಬೆಳೆದೀತು."