ದೇವೀರಿಯ ದನಿ ತಂದ ಬಿಳಿಯವ್ವ

ದೇವೀರಿ ಅಂತ ಒಬ್ಬಳು ಹುಡುಗಿ. ಒಂದು ಬೆಳಗ್ಗೆ ಮಾತಾಡೋಕೆ ಬಾಯಿ ತೆಗೆದಳು. ಬರೀ ಗಾಳಿ ಬಂತು. ದನಿ ಹೋಗಿತ್ತು! ಗಂಟಲು ಊದಿತ್ತು. ವೈರಸ್ ಅನ್ನೋ ಕಳ್ಳ ಒಳಗೆ ಸೇರಿದ್ದ.

ಆ ಗಂಟಲಲ್ಲಿ ಒಬ್ಬಳು ಕಾವಲುಗಾರ್ತಿ. ಕಣ್ಣಿಗೇ ಕಾಣದಷ್ಟು ಪುಟ್ಟ ಜೀವಕೋಶ. ಹೆಸರು ಬಿಳಿಯವ್ವ. ಕಳ್ಳ ಅವಳ ಹೊಟ್ಟೆಗೂ ನುಗ್ಗಿದ!

"ನನ್ನ ಹೊಟ್ಟೆಗೇ ಬಂದ್ಯಾ? ನಾನು ದೇವೀರಿಯ ಕಾವಲುಗಾರ್ತಿ ಕಣೋ!"

ಬಿಳಿಯವ್ವನ ಹೊಟ್ಟೆಯ ನಡುವೆ ಒಂದು ಕೋಣೆ. ಅಲ್ಲಿ ಜೀನ್ ಅನ್ನೋ ಜೀನಕ್ಕ ಮಲಗಿದ್ದಳು. ಕಳ್ಳನ್ನ ಓಡಿಸೋ ಮದ್ದು ಅವಳಿಗೇ ಗೊತ್ತು.

"ಜೀನಕ್ಕಾ, ಏಳು. ಮದ್ದು ಅರೆ. ನೀ ಮದ್ದು ಅರೆಯದಿದ್ರೆ ಕಳ್ಳ ಹೋಗಲ್ಲ, ದೇವೀರಿ ದನಿ ಬರಲ್ಲ."

"ಏಳಲ್ಲಮ್ಮ. ಎಬ್ಬಿಸಣ್ಣ ಬಂದು ಎಬ್ಬಿಸಲಿ."

ಮಲಗಿದವರನ್ನ ಎಬ್ಬಿಸೋದೇ ಎಬ್ಬಿಸಣ್ಣನ ಕೆಲಸ. ಬಿಳಿಯವ್ವ ಅವನನ್ನ ಕೂಗಿದಳು.

"ಎಬ್ಬಿಸಣ್ಣಾ, ಎಬ್ಬಿಸು. ನೀ ಎಬ್ಬಿಸದಿದ್ರೆ ಜೀನಕ್ಕ ಏಳಲ್ಲ, ಮದ್ದು ಅರೆಯಲ್ಲ, ಕಳ್ಳ ಹೋಗಲ್ಲ, ದೇವೀರಿ ದನಿ ಬರಲ್ಲ."

"ಆಗಲ್ಲಮ್ಮ. ನನ್ನ ಕಾಲಿಗೆ ಹಗ್ಗ ಕಟ್ಟಿದೆ. ಓಟದಣ್ಣ ಹಗ್ಗ ಬಿಚ್ಚಲಿ."

ಬಿಳಿಯವ್ವ ಸುದ್ದಿ ಹೊತ್ತು ಓಡೋ ಓಟದಣ್ಣನ್ನ ಕೂಗಿದಳು.

"ಓಟದಣ್ಣಾ, ಬಿಚ್ಚು. ನೀ ಹಗ್ಗ ಬಿಚ್ಚದಿದ್ರೆ ಎಬ್ಬಿಸಣ್ಣ ಎಬ್ಬಿಸಲ್ಲ, ಜೀನಕ್ಕ ಏಳಲ್ಲ, ಮದ್ದು ಅರೆಯಲ್ಲ, ಕಳ್ಳ ಹೋಗಲ್ಲ, ದೇವೀರಿ ದನಿ ಬರಲ್ಲ."

"ಬಿಚ್ಚಲ್ಲಮ್ಮ. ಬಾಗಿಲ ತಾತ ಕೂಗಲಿ, ಓಡಿ ಬರ್ತೀನಿ."

ಒಳಬಾಗಿಲಲ್ಲಿ ತಾತ ಕೈ ಚಾಚಿಕೊಂಡು ಕೂತಿದ್ದ. ದೊಡ್ಡೋರು ಅವನನ್ನ ರಿಸೆಪ್ಟರ್ ಅಂತಾರೆ.

"ತಾತಾ, ಕೂಗು. ನೀ ಕೂಗದಿದ್ರೆ ಓಟದಣ್ಣ ಹಗ್ಗ ಬಿಚ್ಚಲ್ಲ, ಎಬ್ಬಿಸಣ್ಣ ಎಬ್ಬಿಸಲ್ಲ, ಜೀನಕ್ಕ ಏಳಲ್ಲ, ಮದ್ದು ಅರೆಯಲ್ಲ, ಕಳ್ಳ ಹೋಗಲ್ಲ, ದೇವೀರಿ ದನಿ ಬರಲ್ಲ."

"ಸುಮ್‌ಸುಮ್ನೆ ಕೂಗಲ್ಲ ಮಗಳೇ. ಕಳ್ಳನ ಗುರುತು ನನ್ನ ಕೈಗೆ ಕೊಡು."

ಇನ್ನು ಯಾರನ್ನ ಕೇಳೋದು? ಯಾರೂ ಇಲ್ಲ. ಬಿಳಿಯವ್ವನಿಗೆ ಭಯ ಆಯ್ತು. ಆದರೂ ಎದೆ ಸೆಟೆಸಿ ನಿಂತಳು.

"ಯಾರೂ ಇಲ್ಲದಿದ್ರೆ ಏನು? ನಾನೇ ಇದ್ದೀನಲ್ಲ!"

ಹೊಟ್ಟೆ ಬಿಗಿ ಹಿಡಿದಳು. ಕಳ್ಳನ ಅಂಗಿ ಪರ್ರ್ ಅಂತ ಹರಿದಳು. ಅಂಗಿಯೊಳಗೆ ಒಂದು ನೂಲು, ಅದೇ ಕಳ್ಳನ ಗುರುತು! ಎಳೆದು ತಾತನ ಕೈಗೆ ಇಟ್ಟಳು.

ತಾತ ಮುಟ್ಟಿ ನೋಡಿದ. "ಕಳ್ಳಂದೇ! ಕಳ್ಳಂದೇ!"

ತಾತ ಕೂಗಿದ, ಓಟದಣ್ಣ ಹಗ್ಗ ಬಿಚ್ಚಿದ, ಎಬ್ಬಿಸಣ್ಣ ಎಬ್ಬಿಸಿದ, ಜೀನಕ್ಕ ಎದ್ದಳು, ಗರಗರ ಮದ್ದು ಅರೆದಳು. ಬಿಳಿಯವ್ವ ಅಕ್ಕಪಕ್ಕದ ಜೀವಕೋಶಗಳಿಗೂ ಮದ್ದು ಹಂಚಿದಳು. ಕಳ್ಳ ಹೋದ. ಊತ ಇಳೀತು. ದೇವೀರಿ ದನಿ ಬಂತು!

"ಅವ್ವಾ, ಹಸಿವೂ!"

ಮೂರು ಮನೆ ಆಚೆಗೂ ಕೇಳಿಸ್ತು.

ಒಳಗೆ ಬಿಳಿಯವ್ವ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಕೇಳಿದ್ರಾ? ನಮ್ಮ ಹುಡುಗಿ ದನಿ ಅದು!"

ಕಥೆ ಕೇಳಿದ ಮಕ್ಕಳ ಗಂಟಲೂ ಗಟ್ಟಿಯಾಗಿರಲಿ.